ದೂರಕೂಟದ ಆಟಗಳಲ್ಲಿ ಧ್ವನಿಸಲ್ಲಾಪದ ಸಾಧನಗಳು: ಒಂದು ತೌಲನಿಕ ವಿಮರ್ಶೆ

ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಹಲವರು ಕೂಡಿ ಆಡುವ ಆಟಗಳನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢಿಯಾಗಿವೆ. ಅವು ವಿದ್ಯಾರ್ಥಿಗಳ ಕಾಲವನ್ನು ನುಂಗುವ ಚಟವೆಂಬುದು ಒಂದು. ಚದುರಂಗದಂತೆ ಅವೂ ಬುದ್ಧಿಚಾತುರ್ಯದ ಕ್ರೀಡೆಗಳೇ ಎಂಬುದು ಇನ್ನೊಂದು. ಈ ವಾದದಲ್ಲಿ ಯಾವ ಪಕ್ಷ ಗೆದ್ದರೂ ಒಂದು ಸಂಗತಿ ಮಾತ್ರ ಎರಡೂ ಪಕ್ಷದವರ ಗಮನಕ್ಕೆ ಬಂದಂತೆ ತೋರುವುದಿಲ್ಲ. ಆಡುವ ಹುಡುಗರು ಸುಮ್ಮನೆ ಆಡುವುದಿಲ್ಲ, ಆಡುತ್ತ ಮಾತಾಡುತ್ತಾರೆ. ಮಾತು ನಿಂತರೆ ಆಟವೂ ಕುಂಟುತ್ತದೆ. ಮುಖ ಕಾಣದ ನಾಲ್ವರು ನಾಲ್ಕು ಊರುಗಳಲ್ಲಿ ಕುಳಿತು ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡುತ್ತಿದ್ದಾರೆಂದಮೇಲೆ ಆ ಮಾತು ಭಾಷಾಧ್ಯಯನದ ವಿಭಾಗಕ್ಕೆ ಹೊರಗಿನದೆನ್ನಲು ಕಾರಣವಿಲ್ಲ. ಆ ಮಾತನ್ನು ಸಾಗಿಸುವ ಸಾಧನಗಳು ಯಾವುವು, ಅವು ಮಾತಿನ ಮೇಲೆ ಏನು ಪರಿಣಾಮ ಮಾಡುತ್ತವೆ, ಅವುಗಳಲ್ಲಿ ತಾರತಮ್ಯವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ನೆಲೆಯಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಇಟ್ಟುಕೊಂಡಿದ್ದೇವೆ. ಘಟಪ್ರಭೆಯ ಈ ಸೀಮೆ ಸಂವಾದಪ್ರಧಾನವಾದ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಸೀಮೆ. ಆ ಆಟಕ್ಕೆ ರಂಗರೂಪ ಕೊಟ್ಟ ತಮ್ಮಣ್ಣನ ಕುಲಗೋಡ ಇಂದು ಮೂಡಲಗಿ ತಾಲ್ಲೂಕಿಗೆ ಸೇರಿದೆ. ಮಾತಿನ ಕೂಟವೆಂದರೇನೆಂಬುದನ್ನು ಇಲ್ಲಿಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಮೊದಲು ಸಾಧನಗಳ ಪರಿಚಯ. ಪ್ರಸ್ತುತ ಶತಮಾನದ ಆರಂಭದ ವರ್ಷಗಳಲ್ಲಿ ಜರ್ಮನಿಯ ಟೀಮ್‌ಸ್ಪೀಕ್ ಮತ್ತು ಅಮೆರಿಕದ ವೆಂಟ್ರಿಲೊಗಳು ಆಟಗಾರರಿಗಾಗಿಯೇ ಹುಟ್ಟಿದವು. ೨೦೦೫ರಲ್ಲಿ ಬಂದ ಮಂಬಲ್ ಮುಕ್ತ ತಂತ್ರಾಂಶ. ಅದರ ಮೂಲಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು. ೨೦೦೩ರ ಸ್ಕೈಪ್ ಆಟಗಾರರಿಗೆಂದು ಹುಟ್ಟಿದ್ದಲ್ಲವಾದರೂ ಬಹಳ ಕಾಲ ಅವರ ಬಳಕೆಯಲ್ಲಿತ್ತು; ೨೦೨೫ರ ಮೇ ತಿಂಗಳಲ್ಲಿ ಅದು ಮುಚ್ಚಿಹೋಯಿತು. ೨೦೧೫ರ ಮೇ ತಿಂಗಳಲ್ಲಿ ಹೊರಬಂದ ಡಿಸ್ಕಾರ್ಡ್ ಕೆಲವೇ ವರ್ಷಗಳಲ್ಲಿ ಇವೆಲ್ಲವನ್ನೂ ಹಿಂದೆ ಹಾಕಿತು. ಇವುಗಳ ಜೊತೆಗೆ ಆಟದ ಒಳಗೇ ಅಡಕವಾಗಿರುವ ಧ್ವನಿವ್ಯವಸ್ಥೆಯೊಂದುಂಟು. ಫೋನಿನಲ್ಲಿ ಬಿಜಿಎಂಐ ಅಥವಾ ಫ್ರೀ ಫೈರ್ ಮ್ಯಾಕ್ಸ್ ಆಡುವವನಿಗೆ ಬೇರೆ ಯಾವುದನ್ನೂ ಹಾಕಿಕೊಳ್ಳದೆಯೇ ತಂಡದವರ ದನಿ ಕೇಳಿಸುವುದು ಇದರಿಂದ. ನಮ್ಮ ಸೀಮೆಯ ವಿದ್ಯಾರ್ಥಿಗಳು ಬಹುಮಟ್ಟಿಗೆ ಫೋನಿನಲ್ಲಿಯೇ ಆಡುವವರಾದುದರಿಂದ ಈ ಒಳದನಿಯನ್ನು ಎಣಿಕೆಗೆ ತೆಗೆದುಕೊಳ್ಳದ ತುಲನೆ ಇಲ್ಲಿಗೆ ಸಲ್ಲದು.

ಈ ಸಾಧನಗಳನ್ನು ಒರೆಗೆ ಹಚ್ಚುವವರು ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ಹಿಡಿಯುತ್ತಾರೆ: ದನಿಯ ಸ್ಪಷ್ಟತೆ ಮತ್ತು ವಿಳಂಬ. ಇವೆರಡೂ ಇಂದು ಹೆಚ್ಚಿನ ನಿರ್ಣಯಕ್ಕೆ ಬರುವಂಥವಲ್ಲವೆಂದು ನಮ್ಮ ಮತ. ೨೦೧೨ರಲ್ಲಿ ಓಪಸ್ ಎಂಬ ಧ್ವನಿಸಂಕೇತ ಪದ್ಧತಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಮಂಬಲ್, ಟೀಮ್‌ಸ್ಪೀಕ್, ಡಿಸ್ಕಾರ್ಡ್ ಮೂರೂ ಅದನ್ನೇ ಬಳಸುತ್ತವೆ. ಒಂದೇ ಗಿರಣಿಯ ಹಿಟ್ಟಿನಿಂದ ಮಾಡಿದ ಮೂರು ರೊಟ್ಟಿಗಳಲ್ಲಿ ಹಿಟ್ಟಿನ ರುಚಿಯನ್ನು ಹೋಲಿಸಿ ಫಲವೇನು? ವಿಳಂಬದ ಮಾತೂ ಅಷ್ಟೆ. ಬೆಳಕು ಗಾಜಿನ ತಂತಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು ೨೦೦ ಕಿಲೋಮೀಟರು ಸಾಗುತ್ತದೆ. ಗೋಕಾಕದಿಂದ ಮುಂಬಯಿಯಲ್ಲಿರುವ ಯಂತ್ರಕ್ಕೆ ದನಿ ಹೋಗಲು ಲೆಕ್ಕದ ಮೇಲೆ ಎರಡು ಮೂರು ಮಿಲಿಸೆಕೆಂಡು ಸಾಕು; ಜರ್ಮನಿಯ ಯಂತ್ರವಾದರೆ ಮೂವತ್ತಕ್ಕೂ ಮೇಲೆ, ಹಾದಿಯ ಸುತ್ತುಗಳನ್ನು ಕೂಡಿಸಿದರೆ ಅದರ ಇಮ್ಮಡಿಯೋ ಮುಮ್ಮಡಿಯೋ. ಒಮ್ಮುಖ ವಿಳಂಬ ೧೫೦ ಮಿಲಿಸೆಕೆಂಡನ್ನು ಮೀರದಿದ್ದರೆ ಸಂಭಾಷಣೆಗೆ ಬಾಧೆಯಿಲ್ಲವೆಂದು ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆ ಹೇಳುತ್ತದೆ. ಅಂದಮೇಲೆ ಕೆಡುಕು ಬರುವುದು ತಂತ್ರಾಂಶದಿಂದಲ್ಲ, ಹೊಲದ ನಡುವಿನ ಮನೆಗೆ ತಲಪುವ ಫೋನಿನ ಅಲೆಯಿಂದ.

ಖರ್ಚಿನ ಲೆಕ್ಕವನ್ನೂ ಇಲ್ಲಿಯೇ ಮುಗಿಸಿಬಿಡಬಹುದು. ಡಿಸ್ಕಾರ್ಡಿನ ಸಾಮಾನ್ಯ ಮಟ್ಟ ಸೆಕೆಂಡಿಗೆ ೬೪ ಕಿಲೋಬಿಟ್ಟು. ಒಬ್ಬನು ಎಡೆಬಿಡದೆ ಒಂದು ತಾಸು ಮಾತಾಡಿದರೆ ೨೮.೮ ಮೆಗಾಬೈಟು, ಪ್ರತಿ ಕಂತಿಗೂ ಅಂಟಿಸುವ ವಿಳಾಸಗಳ ತೂಕ ಸೇರಿ ಸುಮಾರು ೩೬. ನಾಲ್ವರ ತಂಡದಲ್ಲಿ ಯಾರೂ ಎಡೆಬಿಡದೆ ಮಾತಾಡುವುದಿಲ್ಲವಾದುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಇದು ಯಾರಿಗೂ ಹೊರೆಯಲ್ಲ.

ಹಾಗಾದರೆ ಯಾವ ಅಳತೆಗೋಲು ಹಿಡಿಯಬೇಕು? ಸಾಧನವು ಕನ್ನಡದ ವಾಕ್ಯವನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೈಕು ತೆರೆಯುವುದಕ್ಕೆ ಮೂರು ವಿಧಾನಗಳಿವೆ. ಸದಾ ತೆರೆದಿಡುವುದು ಒಂದು. ದನಿ ಒಂದು ಮಟ್ಟಕ್ಕೇರಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚುವುದು ಎರಡನೆಯದು. ಗುಂಡಿಯನ್ನು ಒತ್ತಿಹಿಡಿದು ಮಾತಾಡಿ, ಮುಗಿದೊಡನೆ ಬಿಡುವುದು ಮೂರನೆಯದು. ಎರಡನೆಯ ಮೂರನೆಯ ವಿಧಾನಗಳಲ್ಲಿ ವಾಕ್ಯದ ತುದಿ ಕತ್ತರಿಸಿಹೋಗುವ ಅಪಾಯವುಂಟು. ಮಾತಿನ ಕೊನೆಗೆ ದನಿ ಸಹಜವಾಗಿ ತಗ್ಗುತ್ತದೆ. ಯಂತ್ರವು ಅದನ್ನು ಮೌನವೆಂದು ತಿಳಿದು ಬಾಗಿಲು ಹಾಕುತ್ತದೆ. ಅವಸರದ ಬೆರಳೂ ಕೊನೆಯ ಅಕ್ಷರಕ್ಕೆ ಮೊದಲೇ ಗುಂಡಿಯನ್ನು ಬಿಡುತ್ತದೆ. ಇಂಗ್ಲಿಷಿನವನಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅವನ ಭಾಷೆಯಲ್ಲಿ ನಿಷೇಧವು ಕ್ರಿಯಾಪದಕ್ಕಿಂತ ಮೊದಲೇ ಬಂದುಹೋಗಿರುತ್ತದೆ. ಕನ್ನಡದಲ್ಲಿ ನಿಷೇಧ ಕೂಡುವುದು ಕ್ರಿಯಾಪದದ ಬಾಲಕ್ಕೆ. ಗೋಕಾಕದ ಹುಡುಗನು ತನ್ನ ಜೊತೆಗಾರನಿಗೆ ‘ಆ ಮನಿಯೊಳಗ ಹೋಗಬ್ಯಾಡ’ ಎಂದು ಎಚ್ಚರಿಸುತ್ತಾನೆ. ತುದಿ ಕತ್ತರಿಸಿದರೆ ಆ ಕಡೆ ಕೇಳುವುದು ‘ಆ ಮನಿಯೊಳಗ ಹೋಗ’. ಈ ಸೀಮೆಯ ಆಡುಮಾತಿನಲ್ಲಿ ಅದು ಅರೆವಾಕ್ಯವಲ್ಲ, ಸ್ಪಷ್ಟವಾದ ಅಪ್ಪಣೆ! ‘ಅಲ್ಲಿ ಮಂದಿ ಇಲ್ಲ’ ಎಂಬುದು ‘ಅಲ್ಲಿ ಮಂದಿ’ ಎಂದು ಮುಟ್ಟುತ್ತದೆ. ಹುಕ್ಕೇರಿ ತಾಲ್ಲೂಕಿನ ಮರಾಠಿ ಮಾತಾಡುವ ಹುಡುಗನ ಪಾಡೂ ಬೇರೆಯಲ್ಲ. ಅವನ ‘ಜಾಊ ನಕೋ’ದಲ್ಲಿಯೂ ಬೇಡವೆಂಬ ಮಾತು ಕೊನೆಗೇ ಇದೆ.

ವಾಕ್ಯದ ತಲೆ ಕತ್ತರಿಸಿದರೆ ಮಾತ್ರ ನಮಗೆ ಅಷ್ಟು ನಷ್ಟವಿಲ್ಲವೆಂಬುದು ಸ್ವಾರಸ್ಯದ ವಿಷಯ. ದನಿ ಕೇಳಿ ತೆರೆಯುವ ಮೈಕು ಒಮ್ಮೊಮ್ಮೆ ಮೊದಲ ಅಕ್ಷರವನ್ನು ನುಂಗುವುದುಂಟು. ಆದರೆ ನಮ್ಮವರ ಮಾತು ಹೊರಡುವುದೇ ‘ಲೇ’ ಎಂದೋ ‘ಏ ದೋಸ್ತ’ ಎಂದೋ. ಯಂತ್ರದ ಬಾಯಿಗೆ ಆ ಸಂಬೋಧನೆ ಬಲಿಯಾಗಿ, ಹಿಂದಿನ ಮಾತು ಸುರಕ್ಷಿತವಾಗಿ ದಾಟುತ್ತದೆ.

ಈ ದೃಷ್ಟಿಯಿಂದ ನೋಡಿದಾಗ ಸಾಧನಗಳ ತಾರತಮ್ಯ ಕಣ್ಣಿಗೆ ಬೀಳುತ್ತದೆ. ದನಿ ಇಳಿದ ಮೇಲೂ ಮೈಕನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬುದನ್ನು ಮಂಬಲ್‌ನಲ್ಲಿ ಆಟಗಾರನೇ ನಿಶ್ಚಯಿಸಬಹುದು. ದನಿ ಎದ್ದಿತೆನ್ನುವ ಮಟ್ಟ, ಇಳಿಯಿತೆನ್ನುವ ಮಟ್ಟ ಎರಡನ್ನೂ ಬೇರೆ ಬೇರೆಯಾಗಿ ಇಡಬಹುದು. ಡಿಸ್ಕಾರ್ಡಿನಲ್ಲಿ ಗುಂಡಿ ಬಿಟ್ಟಮೇಲಿನ ತಡೆಯನ್ನು ಹಿಗ್ಗಿಸುವ ಸೌಕರ್ಯವಿದೆ. ಆದರೆ ಅದು ತಾನಾಗಿ ಇಟ್ಟುಕೊಂಡಿರುವ ಅವಧಿ ಕನ್ನಡಕ್ಕೆ ತೀರ ಕಡಿಮೆ. ಹಿಗ್ಗಿಸಬೇಕೆಂಬುದು ತಿಳಿದವರೇ ಹಿಗ್ಗಿಸಬೇಕು. ಆಟಗಳ ಒಳದನಿಯಲ್ಲಿ ಇಂಥ ಸೂಕ್ಷ್ಮಗಳಿಗೆ ಎಡೆಯೇ ಕಡಿಮೆ: ಮೈಕು ತೆರೆದಿದೆ ಅಥವಾ ಮುಚ್ಚಿದೆ, ಅಷ್ಟೆ. ‘ಬ್ಯಾಡ’ ಎಂಬ ಎರಡಕ್ಷರ ಉಳಿಯುವುದೂ ಅಳಿಯುವುದೂ ಎಲ್ಲಿಯೋ ಕುಳಿತ ತಂತ್ರಜ್ಞನು ಇಟ್ಟ ಕೆಲವು ಮಿಲಿಸೆಕೆಂಡುಗಳ ಮೇಲೆ ನಿಂತಿದೆ. ನಮ್ಮ ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಅಳೆದು ನೋಡಬೇಕು. ಪ್ರಯೋಗಾಲಯವೂ ಬೇಡ, ಎರಡು ಫೋನುಗಳಿದ್ದರಾಯಿತು.

ಗದ್ದಲವನ್ನು ಸೋಸುವ ಯುಕ್ತಿಯ ವಿಷಯದಲ್ಲಿ ಡಿಸ್ಕಾರ್ಡಿನ ಮೇಲ್ಮೆಯನ್ನು ಒಪ್ಪಲೇಬೇಕು. ಕ್ರಿಸ್ಪ್ ಎಂಬ ಸಂಸ್ಥೆಯ ಸೋಸುವಿಕೆಯನ್ನು ಅದು ತನ್ನೊಳಗೆ ಸೇರಿಸಿಕೊಂಡಿದೆ. ಬೀಸಣಿಗೆ, ಪಂಪುಸೆಟ್ಟು, ಕೋಳಿಯ ಕೂಗು ಯಾವುದೂ ಆಚೆಗೆ ದಾಟುವುದಿಲ್ಲ. ಮಂಬಲ್‌ನಲ್ಲಿಯೂ ಈ ಬಗೆಯ ವ್ಯವಸ್ಥೆಯುಂಟು, ಆದರೆ ಅದನ್ನು ಹದಗೊಳಿಸಲು ತಾಳ್ಮೆ ಬೇಕು. ಮಳೆಗಾಲದಲ್ಲಿ ಗೋಕಾಕದ ಧಬಧಬೆಯ ಎದುರು ನಿಂತು ಪಕ್ಕದವನೊಡನೆ ಮಾತಾಡಲು ಯತ್ನಿಸಿದವರು ಈ ಸೋಸುವಿಕೆಯನ್ನು ಪವಾಡವೆಂದೇ ಕರೆದಾರು. ಆದರೂ ಒಂದು ಮಾತು ಹೇಳಬೇಕು. ಮನೆಯ ಸದ್ದೆಲ್ಲ ಸೋಸಿಹೋದ ಮೇಲೆ ಮಾತಾಡುವವನು ಎಲ್ಲಿದ್ದಾನೆಂಬುದರ ಸುಳಿವೇ ಕೇಳುಗನಿಗೆ ಉಳಿಯುವುದಿಲ್ಲ. ಮೊದಲಾದರೆ ಹಿಂದಿನಿಂದ ಅವನ ತಾಯಿ ಊಟಕ್ಕೆ ಕರೆದದ್ದು ಕೇಳಿ ‘ಹೋಗಿ ಉಂಡು ಬಾ’ ಎನ್ನುವ ಗೆಳೆಯನಿರುತ್ತಿದ್ದನು.

ಇನ್ನು ಕೂಟದ ರಚನೆ. ಪಾರಿಜಾತದಲ್ಲಿ ಮಾತಿನ ಸರದಿಯನ್ನು ಕಾಯುವವನು ಭಾಗವತ. ಪಾತ್ರವನ್ನು ಕೆಣಕಿ ಮಾತಿಗೆಳೆಯುವವನು ಅವನೇ, ದೊಡ್ಡವರ ಮಾತನ್ನು ಜನರ ಮಾತಿಗೆ ಇಳಿಸುವವನೂ ಅವನೇ. ನಾಲ್ವರು ಒಟ್ಟಿಗೆ ಬಾಯಿ ತೆರೆಯುವ ಆಟದ ಕೂಟದಲ್ಲಿ ಅಂಥವನ ಕೊರತೆ ಎದ್ದು ಕಾಣುತ್ತದೆ. ಟೀಮ್‌ಸ್ಪೀಕ್ ಈ ಕೊರತೆಯನ್ನು ಅಧಿಕಾರದಿಂದ ತುಂಬುತ್ತದೆ. ಅಲ್ಲಿ ಕೋಣೆಯೊಳಗೆ ಕೋಣೆ. ಯಾರು ಯಾವ ಕೋಣೆಯನ್ನು ಹೊಗಬಹುದು, ಯಾರ ಮಾತಿಗೆ ಯಾರ ಮಾತಿಗಿಂತ ಹೆಚ್ಚು ಬಲ, ಬೇರೆ ಕೋಣೆಯವನ ಕಿವಿಯಲ್ಲಿ ಪಿಸುನುಡಿಯುವ ಹಕ್ಕು ಯಾರಿಗೆ ಎಂಬುದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ನಿಯತವಾಗಿರುತ್ತದೆ. ನಲವತ್ತು ಜನ ಕೂಡಿ ಮುತ್ತಿಗೆ ಹಾಕುವ ಆಟಗಳಿಗೆ ಇದು ಒಪ್ಪುತ್ತದೆ, ಗೆಳೆಯರ ಹರಟೆಗೆ ಒಪ್ಪುವುದಿಲ್ಲ. ಮಂಬಲ್‌ನ ವಿಶೇಷ ಬೇರೆ. ಆಟ ಅದಕ್ಕೆ ಅನುಕೂಲಿಸುವುದಾದರೆ, ಜೊತೆಗಾರನು ಆಟದ ನೆಲದಲ್ಲಿ ಎಡಕ್ಕಿದ್ದರೆ ಅವನ ದನಿ ಎಡಗಿವಿಗೂ ದೂರವಿದ್ದರೆ ಕ್ಷೀಣವಾಗಿಯೂ ಬರುತ್ತದೆ. ಬಯಲಾಟದ ಅಟ್ಟದ ಮುಂದೆ ಕುಳಿತವನಿಗೆ ದನಿಯ ದಿಕ್ಕಿನಿಂದಲೇ ಪಾತ್ರ ತಿಳಿಯುವಂತೆ ಇದು. ಫೋನಿನ ಆಟಗಳಲ್ಲಿ ಮಾತ್ರ ಈ ಸೊಗಸು ದೊರೆಯದು.

ಡಿಸ್ಕಾರ್ಡಿನ ನಿಜವಾದ ಹೊಸತನ ಅದರ ತೆರೆದ ಬಾಗಿಲು. ಅಲ್ಲಿ ಯಾರೂ ಯಾರಿಗೂ ಕರೆ ಮಾಡಬೇಕಾಗಿಲ್ಲ. ಕೋಣೆಯಲ್ಲಿ ಯಾರಿದ್ದಾರೆಂಬುದು ಹೊರಗಿನಿಂದಲೇ ಕಾಣುತ್ತದೆ. ಮನಸ್ಸಿದ್ದವನು ಒಳಗೆ ಹೋಗಿ ಕೂಡುತ್ತಾನೆ, ಬೇಡವಾದಾಗ ಎದ್ದು ಬರುತ್ತಾನೆ. ಇದು ನಮ್ಮ ಅಗಸಿಕಟ್ಟೆಯ ಕ್ರಮ. ಹಳ್ಳಿಯ ಹುಡುಗರಿಗೆ ಇದು ಬೇಗನೆ ಒಗ್ಗಲು ಕಾರಣವೂ ಅದೇ ಇರಬೇಕು. ಒಂದು ತೊಡಕುಂಟು: ಫೋನಿನಲ್ಲಿ ಆಟ ಮತ್ತು ಡಿಸ್ಕಾರ್ಡ್ ಎರಡೂ ಒಂದೇ ಮೈಕಿಗೆ ಕೈಚಾಚಿದಾಗ ಎರಡರಲ್ಲೊಂದು ಮೂಕವಾಗುವುದುಂಟು. ಆಟದ ಒಳದನಿಯನ್ನು ಮುಚ್ಚಿ ಇದನ್ನು ಬಳಸಬೇಕು. ಆಗ ತಂಡಕ್ಕೆ ಬಂದ ಅಪರಿಚಿತನೊಡನೆ ಮಾತು ಕಡಿದುಹೋಗುತ್ತದೆ.

ಆ ತೊಡಕನ್ನು ಸಹಿಸಿಕೊಳ್ಳುವುದೇ ಲೇಸೆಂದು ನಾವು ಹೇಳುವುದಕ್ಕೆ ಇತ್ತೀಚಿನ ಇತಿಹಾಸವೇ ಆಧಾರ. ೨೦೨೦ರ ಸೆಪ್ಟೆಂಬರ ೨ರಂದು ಕೇಂದ್ರ ಸರಕಾರವು ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಅದರ ಭಾರತೀಯ ರೂಪವಾದ ಬಿಜಿಎಂಐ ೨೦೨೧ರ ಜುಲೈ ೨ರಂದು ಬಂದಿತು. ೨೦೨೨ರ ಜುಲೈ ಕೊನೆಗೆ ಅಂಗಡಿಗಳಿಂದ ಮಾಯವಾಯಿತು. ೨೦೨೩ರ ಮೇ ತಿಂಗಳಲ್ಲಿ ಮರಳಿ ಬಂದಿತು. ೨೦೨೨ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಕೂಡ ನಿಷೇಧಕ್ಕೆ ಗುರಿಯಾಯಿತು. ಸರಕಾರದ ಆಜ್ಞೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆಟದ ಒಳದನಿಯನ್ನೇ ನಂಬಿ ಬೆಳೆದ ಗೆಳೆತನಕ್ಕೆ ಆಟ ಹೋದ ದಿನ ಸೇರುವ ಜಾಗವೂ ಹೋಯಿತು. ಹೆಸರೊಂದನ್ನು ಬಿಟ್ಟು ಪರಸ್ಪರರ ಗುರುತೇ ಇಲ್ಲದವರು ಮತ್ತೆ ಕೂಡುವುದೆಲ್ಲಿ? ಕೂಟವನ್ನು ಆಟದಿಂದ ಬೇರೆಯಾಗಿ ಕಟ್ಟಿಕೊಂಡವರಿಗೆ ಆಟ ಬದಲಾಯಿತೇ ಹೊರತು ಮಾತು ನಿಲ್ಲಲಿಲ್ಲ.

ಆದರೆ ಡಿಸ್ಕಾರ್ಡಿನ ಕಟ್ಟೆಯಾದರೂ ಯಾರದು? ಅಲ್ಲಿ ಪ್ರತಿಯೊಂದು ಕೂಟಕ್ಕೂ ‘ಸರ್ವರ್’ ಎಂಬ ಹೆಸರು. ಈ ಶಬ್ದಪ್ರಯೋಗದಲ್ಲಿ ಸತ್ಯಾಂಶವಿಲ್ಲ. ಟೀಮ್‌ಸ್ಪೀಕ್ ಮತ್ತು ಮಂಬಲ್‌ಗಳಲ್ಲಿ ಸರ್ವರ್ ಎಂದರೆ ನಿಜವಾಗಿಯೂ ಒಂದು ಯಂತ್ರ. ಅದನ್ನು ನಡೆಸುವವರು ಕೂಟದವರೇ. ಡಿಸ್ಕಾರ್ಡಿನಲ್ಲಿ ಯಂತ್ರ ಕಂಪನಿಯದು, ನಿಯಮ ಕಂಪನಿಯದು. ಕೂಟಕ್ಕೆ ಉಳಿಯುವುದು ಹೆಸರಿಡುವ ಅಧಿಕಾರ. ಹುಕ್ಕೇರಿ ತಾಲ್ಲೂಕಿನವರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಸುಲಭ. ೧೯೬೯ರಿಂದಲೂ ಅಲ್ಲಿ ವಿದ್ಯುತ್ತನ್ನು ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸಂಘವು ವಿದ್ಯುತ್ತನ್ನು ತಾನು ಹುಟ್ಟಿಸುವುದಿಲ್ಲ. ಸಗಟಾಗಿ ಪಡೆದು ತಾಲ್ಲೂಕಿನೊಳಗೆ ಮನೆಮನೆಗೆ ಮುಟ್ಟಿಸುತ್ತದೆ, ಅದರ ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸುತ್ತಾರೆ. ಕಂಬ ಬಿದ್ದರೆ ಯಾರ ಬಾಗಿಲು ತಟ್ಟಬೇಕೆಂಬುದು ಅಲ್ಲಿಯ ಗ್ರಾಹಕನಿಗೆ ಗೊತ್ತು. ಮಂಬಲ್ ಈ ಮಾದರಿಗೆ ಹತ್ತಿರ. ಅದಕ್ಕೆ ಬೆಲೆಯಿಲ್ಲ, ಟೀಮ್‌ಸ್ಪೀಕ್ ಕೂಡ ೩೨ ಜನರವರೆಗೆ ಪರವಾನಿಗೆಯ ಹಣ ಕೇಳುವುದಿಲ್ಲ. ಮೂವತ್ತು ಜನರ ಕೂಟದಲ್ಲಿ ಒಬ್ಬನು ಮಾತಾಡಿದರೆ ಆ ಯಂತ್ರವು ಹೊರಕಳಿಸಬೇಕಾದದ್ದು ಸೆಕೆಂಡಿಗೆ ೨.೩ ಮೆಗಾಬಿಟ್ಟಿನಷ್ಟು. ಹಳೆಯ ಕಂಪ್ಯೂಟರೊಂದು ಇದನ್ನು ನಿರಾಯಾಸವಾಗಿ ಮಾಡೀತು.

ಅಡ್ಡಿ ಬರುವುದು ಬೇರೆ ಕಡೆಯಿಂದ. ಸಣ್ಣ ಊರುಗಳ ಎಷ್ಟೋ ಮನೆಸಂಪರ್ಕಗಳಿಗೆ ಹೊರಗಿನಿಂದ ತಲಪಬಹುದಾದ ಸ್ವಂತ ವಿಳಾಸವಿರುವುದಿಲ್ಲ. ಹಲವು ಮನೆಗಳಿಗೆ ಸೇರಿ ಒಂದೇ ವಿಳಾಸ. ಆದಕಾರಣ ಯಂತ್ರವನ್ನು ಹೊರಗೆಲ್ಲೋ ಬಾಡಿಗೆಗೆ ಹಿಡಿಯಬೇಕು, ತಿಂಗಳು ತಿಂಗಳು ಹಣ ಕಟ್ಟಬೇಕು, ಒಬ್ಬನು ಅದರ ಯೋಗಕ್ಷೇಮ ನೋಡಬೇಕು. ಆ ಒಬ್ಬನು ಪರೀಕ್ಷೆ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋದರೆ ಕೂಟ ಅನಾಥ. ಕಾಲೇಜುಗಳು ಗ್ರಂಥಾಲಯವನ್ನು ನಡೆಸುವಂತೆ ಇಂಥದೊಂದು ಯಂತ್ರವನ್ನು ನಡೆಸಲಾಗದೇ? ಖರ್ಚು ದೊಡ್ಡದಲ್ಲ. ಆಟಕ್ಕೆಂದು ಕೇಳಿದರೆ ಆಡಳಿತ ಮಂಡಳಿ ನಕ್ಕೀತು. ವಾಚಿಕ ಕನ್ನಡದ ಅಧ್ಯಯನಕ್ಕೆಂದು ಕೇಳಿದರೆ ಒಪ್ಪಿದರೂ ಒಪ್ಪೀತು.

ಅಧ್ಯಯನಕ್ಕೆ ವಸ್ತುವಂತೂ ಧಾರಾಳವಾಗಿದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರು ‘ನಲ್ವಾಡುಗಳು’ ರಚಿಸಿದಾಗ ಈ ಸೀಮೆಯ ಆಡುಮಾತಿಗೆ ಅಚ್ಚಿನಲ್ಲಿ ಸ್ಥಾನ ಸಿಗಲು ಕವಿಯ ಕೈ ಬೇಕಾಯಿತು. ಧ್ವನಿಯ ಕೂಟದಲ್ಲಿ ಆಡುಮಾತು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಡಿಸ್ಕಾರ್ಡಿನ ಗುಂಡಿಗಳ ಮೇಲಿನ ಹೆಸರುಗಳಿಗೆ ಹಿಂದಿಯ ರೂಪವುಂಟು, ಕನ್ನಡದ್ದಿಲ್ಲ. ಆದರೂ ಆ ಗುಂಡಿಗಳ ಹಿಂದೆ ಹರಿಯುವುದು ‘ಬರಂಗಿಲ್ಲ’, ‘ಹಿಂದ ನಿಂದರ’, ‘ಬಾಜೂಕ ಬಾ’ ಎಂಬ ಅಪ್ಪಟ ನುಡಿ. (ಗೋಕಾಕ ಚಳವಳಿಗೆ ಹೆಸರು ಬಂದದ್ದು ಊರಿನಿಂದಲ್ಲ, ವರದಿ ಕೊಟ್ಟ ವಿನಾಯಕ ಕೃಷ್ಣ ಗೋಕಾಕರಿಂದ ಎಂಬುದು ಸರ್ವವಿದಿತ, ಆದರೂ ಆ ಹೆಸರಿನ ಊರಿನ ಹುಡುಗನಿಗೆ ಕನ್ನಡದ ಗುಂಡಿ ಇನ್ನೂ ಸಿಕ್ಕಿಲ್ಲವೆನ್ನುವಾಗ ಮನಸ್ಸು ತುಸು ಮುಜುಗರಪಡುತ್ತದೆ.) ದಿಕ್ಕು ಹೇಳುವುದಕ್ಕೆ ಅಂಶಗಳ ಲೆಕ್ಕ, ಆಯುಧಗಳಿಗೆ ಇಂಗ್ಲಿಷು ಹೆಸರು, ಬೈಗುಳಕ್ಕೆ ಹಿಂದಿ, ಪ್ರೀತಿಗೂ ಅವಸರಕ್ಕೂ ಕನ್ನಡ ಎಂಬ ಈ ಮಿಶ್ರಣವು ಯಾವ ವ್ಯಾಕರಣದಲ್ಲಿಯೂ ದಾಖಲಾಗಿಲ್ಲ.

ಕೊನೆಯ ತುಲನೆ ಎಲ್ಲಕ್ಕಿಂತ ಮುಖ್ಯವಾದದ್ದು. ಬರಹದ ಹೆಸರಿನ ಹಿಂದೆ ಹುಡುಗಿಯೊಬ್ಬಳು ಅಡಗಬಹುದು, ದನಿಯ ಹಿಂದೆ ಅಡಗಲಾರಳು. ಮೈಕು ತೆರೆದ ಕ್ಷಣದಲ್ಲಿ ಅಪರಿಚಿತರಿಗೆ ಅವಳು ಯಾರೆಂಬುದು ತಿಳಿಯುತ್ತದೆ. ಮುಂದೆ ಕೇಳಬೇಕಾಗುವ ಮಾತುಗಳನ್ನು ಇಲ್ಲಿ ಬರೆಯಲಾಗದು. ಆದುದರಿಂದ ಎಷ್ಟೋ ಹುಡುಗಿಯರು ಆಡುತ್ತಾರೆ, ಮಾತಾಡುವುದಿಲ್ಲ. ಬಯಲಾಟದ ಅಟ್ಟಗಳ ಮೇಲೆ ಬಹುಕಾಲ ಹೆಣ್ಣಿನ ಮಾತನ್ನೂ ಗಂಡಸರೇ ಆಡುತ್ತಿದ್ದರು. ಅಂಥ ಅಟ್ಟವನ್ನೇರಿ ಪಾರಿಜಾತಕ್ಕೆ ತನ್ನ ಹೆಸರನ್ನೇ ಅಂಟಿಸಿದಷ್ಟು ಖ್ಯಾತಳಾದ ಕೌಜಲಗಿ ನಿಂಗಮ್ಮ ಇದೇ ನೆಲದವಳು. ಅವಳ ಮುಂದೆ ಪ್ರೇಕ್ಷಕರಿದ್ದರು. ಕೆಟ್ಟ ಮಾತಾಡಿದವನ ಮುಖ ಊರಿಗೆ ಕಾಣುತ್ತಿತ್ತು.

ಮುಖವಿಲ್ಲದ ಕೂಟದಲ್ಲಿ ಆ ರಕ್ಷಣೆಯನ್ನು ಸಾಧನವೇ ಕೊಡಬೇಕಾಗುತ್ತದೆ. ಇಲ್ಲಿ ಆಟದ ಒಳದನಿ ಎಲ್ಲಕ್ಕಿಂತ ದುರ್ಬಲ: ಅಪರಿಚಿತರನ್ನು ತಂಡಕ್ಕೆ ತಂದು ಕೂಡಿಸುವುದು ಅದೇ, ಅವಳ ಕೈಗೆ ಕೊಡುವುದು ಅವರ ದನಿಯನ್ನು ಮುಚ್ಚುವ ಗುಂಡಿ, ಆಮೇಲಿನ ಒಂದು ದೂರು. ಡಿಸ್ಕಾರ್ಡಿನಲ್ಲಿ ಕೋಣೆಗೆ ಯಾರು ಬರಬೇಕೆಂಬುದನ್ನು ಮೊದಲೇ ಕಟ್ಟುಮಾಡಬಹುದು, ಒಬ್ಬೊಬ್ಬರ ದನಿಯನ್ನೂ ಬೇರೆಯಾಗಿ ತಗ್ಗಿಸಬಹುದು. ೨೦೨೪ರಿಂದ ಅಲ್ಲಿಯ ಧ್ವನಿಗೆ ತುದಿಯಿಂದ ತುದಿಯವರೆಗಿನ ಗೂಢಲಿಪಿಯ ರಕ್ಷಣೆಯನ್ನು ಕೊಡಲು ತೊಡಗಿದ್ದಾರೆ. ಗುಟ್ಟಿಗೆ ಅದು ಒಳ್ಳೆಯದು, ಆದರೆ ಅಂಥ ಮಾತನ್ನು ಕಂಪನಿಯೂ ಕೇಳಲಾರದಾದ್ದರಿಂದ ನಡೆದದ್ದಕ್ಕೆ ಅವಳ ಹೇಳಿಕೆಯ ಹೊರತು ಸಾಕ್ಷಿಯಿರುವುದಿಲ್ಲ. ಮಂಬಲ್ ಮತ್ತು ಟೀಮ್‌ಸ್ಪೀಕ್‌ಗಳಲ್ಲಿ ಕೂಟದ ಮಾತನ್ನು ಮುದ್ರಿಸಿಕೊಳ್ಳುವ ಗುಂಡಿ ತಂತ್ರಾಂಶದಲ್ಲಿಯೇ ಇದೆ. ಒಬ್ಬರು ಅದನ್ನು ಒತ್ತಿದೊಡನೆ ಮುದ್ರಣ ನಡೆಯುತ್ತಿದೆಯೆಂಬ ಸೂಚನೆ ಕೋಣೆಯಲ್ಲಿದ್ದ ಎಲ್ಲರಿಗೂ ಹೋಗುತ್ತದೆ.